‘ಯಾವ್ದರ ಬರಕೊಳ್ರಿ’ ಎನ್ನುವ ನಾಡಿನಲ್ಲಿ ಜನಗಣತಿ

ಸಿಂಧನೂರು, ಲಿಂಗಸುಗೂರು, ಮಸ್ಕಿ: ಎಡೆದೊರೆ ನಾಡಿನ ಮೂರು ತಾಲ್ಲೂಕುಗಳಲ್ಲಿ ಭಾಷೆ, ಧರ್ಮ, ಜಾತಿಯ ಲೆಕ್ಕ ಹೇಗೆ ಹಿಡಿಯಲಾಯಿತು, ಯಾರು ಕಂಡರು, ಯಾರು ಮರೆಯಾದರು

1956ರ ನವೆಂಬರ್ 1ರವರೆಗೆ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳು. ಅಂದು ಅವು ಆಂಧ್ರಪ್ರದೇಶಕ್ಕೆ ಹೋದವು. ಸಿಂಧನೂರು, ಲಿಂಗಸುಗೂರು, ಮಾನ್ವಿ, ದೇವದುರ್ಗ ಮೈಸೂರು ರಾಜ್ಯಕ್ಕೆ ಬಂದವು. ಹೈದರಾಬಾದ್ ಸಂಸ್ಥಾನವನ್ನು ಮೂರು ಪಾಲು ಮಾಡಲು ಹೊರಟ ಫಜಲ್ ಅಲಿ ಆಯೋಗದ ಮುಂದಿದ್ದ ದಾಖಲೆಗಳಲ್ಲಿ ಜನಗಣತಿಯ ಭಾಷಾ ಅಂಕಿಗಳಿಗೆ ದೊಡ್ಡ ತೂಕವಿತ್ತು. ತಲಾಟಿಯೋ ಮಾಸ್ತರೋ ಮನೆಮುಂದೆ ನಿಂತು ‘ನಿಮ್ಮ ಮನೆಮಾತು ಯಾವುದು’ ಎಂದು ಕೇಳಿ ಬರೆದುಕೊಂಡ ಒಂದೊಂದು ಉತ್ತರವೂ ಕೂಡಿ ಕೂಡಿ ಕೊನೆಗೆ ರಾಜ್ಯದ ಗಡಿಯಾಯಿತು. ಆ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಕೃಷ್ಣೆ, ತುಂಗಭದ್ರೆಗಳ ನಡುವಿನ ಈ ನಾಡಿಗೆ ಎಣಿಸಿಕೊಳ್ಳುವುದು ಹೊಸದಲ್ಲ. ನಿಜಾಮರ ಸಂಸ್ಥಾನದಲ್ಲಿ 1881ರಿಂದಲೇ ಜನಗಣತಿ ನಡೆದಿದೆ. ಆಗ ಲಿಂಗಸುಗೂರೇ ಒಂದು ಜಿಲ್ಲೆ. 1905ರಲ್ಲಿ ಅದನ್ನು ಒಡೆದು ಹಂಚುವವರೆಗೂ ಗಣತಿಯ ಪುಸ್ತಕಗಳಲ್ಲಿ ಅದಕ್ಕೆ ಪ್ರತ್ಯೇಕ ಪುಟವಿತ್ತು. ಸಂಸ್ಥಾನದ ಆಡಳಿತ ಉರ್ದುವಿನಲ್ಲಿ, ಶಾಲೆ ಉರ್ದುವಿನಲ್ಲಿ. ತೆಲುಗು, ಮರಾಠಿಗರ ಮುಂದೆ ಕನ್ನಡಿಗರದು ಸಣ್ಣ ಪಾಲು. ಧರ್ಮದ ಕಾಲಂ ಆಗಲೇ ಜಗ್ಗಾಟದ ಕಣವಾಗಿತ್ತು. ಭಾಗ್ಯರೆಡ್ಡಿ ವರ್ಮಾ ಅವರಂಥ ದಲಿತ ಮುಂದಾಳುಗಳ ಒತ್ತಾಯದ ಮೇಲೆ 1931ರ ಗಣತಿಯಲ್ಲಿ ಹೈದರಾಬಾದ್ ಸರ್ಕಾರ ‘ಆದಿ ಹಿಂದೂ’ ಎಂಬ ಹೆಸರನ್ನು ದಾಖಲಿಸಿತು. ತಮ್ಮನ್ನು ಏನೆಂದು ಬರೆಯಬೇಕು ಎಂಬುದನ್ನು ತಾವೇ ಹೇಳುತ್ತೇವೆ ಎಂದು ಜನ ಪಟ್ಟು ಹಿಡಿದದ್ದು ಹೀಗೆ, ಸ್ವಾತಂತ್ರ್ಯಕ್ಕೂ ಮೊದಲೇ.

ಭಾಷೆ ನೋಡಿ ಗಡಿ ಎಳೆದರು, ನಿಜ. ಆದರೆ ಅದರ ಶಾಯಿ ಆರುವ ಮೊದಲೇ ತುಂಗಭದ್ರಾ ಎಡದಂಡೆ ಕಾಲುವೆ ಈ ನಾಡಿನ ಮಾತುಗಳನ್ನು ಮತ್ತೆ ಕಲಸಿತು. 1953ರಲ್ಲಿ ಅಣೆಕಟ್ಟು ಮುಗಿದು, ನೀರು ಸಿಂಧನೂರಿನ ಎರೆಹೊಲಗಳತ್ತ ಬರತೊಡಗಿದಂತೆ ಆಂಧ್ರದ ಕರಾವಳಿ ಜಿಲ್ಲೆಗಳ ರೈತರು ಅಲ್ಲಿನ ಒಂದೆಕರೆ ಮಾರಿ ಇಲ್ಲಿ ಹಲವು ಎಕರೆ ಕೊಂಡರು. ಜೋಳ, ಹತ್ತಿ ಬೆಳೆಯುತ್ತಿದ್ದ ನೆಲ ಮಟ್ಟಮಾಡಿ ಭತ್ತ ಹಚ್ಚಿದರು. ಹೊಲದ ನಡುವೆ ಗುಡಿಸಲು ಹಾಕಿಕೊಂಡ ಜಾಗಗಳೇ ಕ್ಯಾಂಪುಗಳಾದವು. ಗಾಂಧಿನಗರದಂಥವು ಇವತ್ತು ಯಾವ ಹಳ್ಳಿಗೂ ಕಡಿಮೆಯಿಲ್ಲದ ಊರುಗಳು, ಆದರೂ ಜನರ ಬಾಯಲ್ಲಿ ‘ಕ್ಯಾಂಪೇ’. ಮೂರನೆಯ ತಲೆಮಾರಿನ ಹುಡುಗ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ರೈಸ್‌ಮಿಲ್ಲಿನ ಹಮಾಲರ ಜೊತೆ ಎರಡೂ ಬೆರೆಸಿ ಮಾತಾಡುತ್ತಾನೆ. ಸಿಂಧನೂರು ಪಟ್ಟಣ 2011ರ ಹೊತ್ತಿಗೆ 75 ಸಾವಿರ ದಾಟಿ ಬೆಳೆದದ್ದರಲ್ಲಿ ಈ ಕಾಲುವೆಯ ಪಾಲು ದೊಡ್ಡದು.

ಅದೇ ತಾಲ್ಲೂಕಿನ ಇನ್ನೊಂದು ಬಗೆಯ ಕ್ಯಾಂಪುಗಳನ್ನು ಜನ ನಂಬರಿನಿಂದ ಕರೆಯುತ್ತಾರೆ: ಆರ್‌.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂ ನಿರಾಶ್ರಿತರಿಗೆ ಕೇಂದ್ರ ಸರ್ಕಾರ ಇಲ್ಲಿ ಜಮೀನು ಕೊಟ್ಟು ನೆಲೆಗೊಳಿಸಿತು. ಇವರಲ್ಲಿ ಹೆಚ್ಚಿನವರು ನಾಮಶೂದ್ರರು. ಮೀನು, ಅನ್ನ, ದುರ್ಗಾಪೂಜೆ, ಬಂಗಾಳಿ ಮಾತು ಎಲ್ಲವೂ ಅರ್ಧ ಶತಮಾನದಿಂದ ಈ ನೆಲದಲ್ಲೇ ಇವೆ. ಪಶ್ಚಿಮ ಬಂಗಾಳದಲ್ಲಿ ನಾಮಶೂದ್ರರು ಪರಿಶಿಷ್ಟ ಜಾತಿ. ಆದರೆ ಜನಗಣತಿಯಲ್ಲಿ ಪರಿಶಿಷ್ಟ ಜಾತಿ ಎಂದು ಬರೆಯಬೇಕಾದರೆ ಆಯಾ ರಾಜ್ಯದ ಪಟ್ಟಿಯಲ್ಲಿ ಆ ಹೆಸರಿರಬೇಕು. ಕರ್ನಾಟಕದ ಪಟ್ಟಿಯಲ್ಲಿ ನಾಮಶೂದ್ರ ಇರಲಿಲ್ಲ. ಹಾಗಾಗಿ ಬಂಗಾಳದಲ್ಲಿರುವ ನೆಂಟ ಒಂದು ಸಾಲಿನಲ್ಲಿ, ಸಿಂಧನೂರಿನಲ್ಲಿರುವವನು ಇನ್ನೊಂದು ಸಾಲಿನಲ್ಲಿ. ಪಟ್ಟಿಗೆ ಸೇರಿಸಿ ಎಂಬ ಇವರ ಬೇಡಿಕೆ ಹಳೆಯದು. ಈ ಕ್ಯಾಂಪುಗಳ ಕೆಲವರಿಗೆ ಪೌರತ್ವದ ಪತ್ರ ಸಿಕ್ಕದ್ದೇ 2024ರಲ್ಲಿ, ಪೌರತ್ವ ತಿದ್ದುಪಡಿ ಕಾಯ್ದೆಯಡಿ. ಕಾಗದ ಕೇಳುವವರೆಂದರೆ ಎದೆ ಝಲ್ಲೆನ್ನುವ ಇಂಥ ಮನೆಗಳಿಗೆ ಮುಟ್ಟಲೇಬೇಕಾದ ಮಾತೊಂದಿದೆ. 1948ರ ಜನಗಣತಿ ಕಾಯ್ದೆಯ 15ನೇ ಕಲಂ ಪ್ರಕಾರ ಗಣತಿಯಲ್ಲಿ ಒಬ್ಬರು ಕೊಟ್ಟ ಉತ್ತರವನ್ನು ಬೇರೆ ಯಾರೂ ತೆರೆದು ನೋಡುವಂತಿಲ್ಲ, ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸುವಂತಿಲ್ಲ.

ಈಗ ಲಿಂಗಸುಗೂರು ಕಡೆಯ ಲಂಬಾಣಿಗರ ತಾಂಡಾಗಳಿಗೆ ಬರೋಣ. ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ.

ಗಣತಿಗೆ ಬಂದ ಮಾಸ್ತರರು ಕಟ್ಟೆಯ ಮೇಲೆ ಕೂತು, ‘ಯಮ್ಮಾ, ನಿಮ್ ಮಾತೃಭಾಷೆ ಯಾವ್ದು ಬರೀಲಿ?’ ಎನ್ನುತ್ತಾರೆ. ಒಳಗಿಂದ ಉತ್ತರ ಬರುತ್ತದೆ: ‘ನಮ್ದೇನ್ರಿ ಸರ, ಮನ್ಯಾಗ ಲಮಾಣಿ ಆಡ್ತೀವಿ, ಹೊರಗ ಕನ್ನಡ. ಯಾವ್ದರ ಬರಕೊಳ್ರಿ.’ ಈ ‘ಯಾವ್ದರ’ ಎಂಬಲ್ಲಿ ಒಂದು ಭಾಷೆ ಲೆಕ್ಕದಿಂದ ಜಾರುತ್ತದೆ. 2011ರ ನಮೂನೆಯಲ್ಲಿ ಇದು ಹತ್ತನೇ ಪ್ರಶ್ನೆ, ನಿಯಮವೂ ಸ್ಪಷ್ಟ: ಬಾಲ್ಯದಲ್ಲಿ ತಾಯಿ ಆಡಿಸಿದ ಮಾತು ಯಾವುದೋ ಅದನ್ನೇ ಬರೆಯಬೇಕು. ತಾಯಿ ಎಳವೆಯಲ್ಲೇ ತೀರಿಕೊಂಡಿದ್ದರೆ ಆಗ ಮನೆಯಲ್ಲಿ ಆಡುತ್ತಿದ್ದ ಮಾತು. ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು, ಅದು ಭಾಷೆಯೋ ಉಪಭಾಷೆಯೋ ಎಂದು ಗಣತಿದಾರ ತೀರ್ಮಾನಿಸಬಾರದು. ಒಂದೇ ಮನೆಯ ಅತ್ತೆ ಸೊಸೆಯರದು ಬೇರೆ ಬೇರೆಯಾಗಿದ್ದರೆ ಬೇರೆ ಬೇರೆಯೇ. ಹನ್ನೊಂದನೇ ಪ್ರಶ್ನೆಯಲ್ಲಿ, ಬರುವ ಇನ್ನೆರಡು ಭಾಷೆಗಳಿಗೂ ಜಾಗವಿತ್ತು. ಅಂದರೆ ಆ ತಾಯಿ ಕನ್ನಡವನ್ನು ಬಿಟ್ಟುಕೊಡದೆಯೇ ಲಮಾಣಿಯನ್ನು ಹತ್ತನೇ ಪ್ರಶ್ನೆಗೆ ಬರೆಸಬಹುದಿತ್ತು.

ಬರೆಸಿದ ಮೇಲೂ ಕಥೆ ಮುಗಿಯುವುದಿಲ್ಲ. 2011ರಲ್ಲಿ ದೇಶದ ಜನ ಹೇಳಿದ ಮಾತೃಭಾಷೆಯ ಹೆಸರುಗಳು 19,569. ಒಂದೇ ಭಾಷೆಯ ಹಲವು ಉಚ್ಚಾರಗಳನ್ನು ಸೋಸಿ ಅದನ್ನು 1,369ಕ್ಕೆ ಇಳಿಸಿದರು. ಅವನ್ನು ಮತ್ತೆ ಗುಂಪು ಮಾಡಿ 121 ಭಾಷೆಗಳಾಗಿಸಿದರು: ಸಂವಿಧಾನದ 8ನೇ ಪರಿಚ್ಛೇದದ 22, ಉಳಿದವು 99. ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಯ ಹೆಸರನ್ನು ಪ್ರಕಟಿಸದಿರುವ ರೂಢಿ 1971ರಿಂದ ಬಂದದ್ದು. ಅದಕ್ಕೆ ಮೊದಲು 1961ರಲ್ಲಿ 1,652 ಮಾತೃಭಾಷೆಗಳ ಹೆಸರು ಅಚ್ಚಾಗಿತ್ತು. ಲಮಾಣಿ ಅಥವಾ ಲಂಬಾಡಿಯನ್ನು 2011ರಲ್ಲಿ ಮಾತೃಭಾಷೆ ಎಂದು ಬರೆಸಿದವರು ಸುಮಾರು 32.77 ಲಕ್ಷ ಜನ. ಹತ್ತು ಸಾವಿರದ ಮಿತಿ ಅವರಿಗೆ ಲೆಕ್ಕಕ್ಕೇ ಇಲ್ಲ. ಆದರೂ 121ರ ಪಟ್ಟಿಯಲ್ಲಿ ಲಮಾಣಿ ಸಿಗುವುದಿಲ್ಲ. ಅದನ್ನು ಹುಡುಕಬೇಕಾದದ್ದು ಹಿಂದಿಯ ಕೆಳಗೆ, ಭೋಜಪುರಿ, ರಾಜಸ್ಥಾನಿ ಮೊದಲಾದ 50ಕ್ಕೂ ಹೆಚ್ಚು ಮಾತೃಭಾಷೆಗಳ ಸಾಲಿನಲ್ಲಿ.

ಹಿಂದಿ ಆಡುವವರು 52.83 ಕೋಟಿ ಎಂದು ಟಿವಿಯಲ್ಲಿ, ಭಾಷಣಗಳಲ್ಲಿ ಕೇಳುತ್ತೇವೆ. ಅದರಲ್ಲಿ ‘ಹಿಂದಿ’ ಎಂದೇ ಬರೆಸಿದವರು 32.22 ಕೋಟಿ. ಉಳಿದ 20 ಕೋಟಿಯಲ್ಲಿ ಲಿಂಗಸುಗೂರು, ಮಸ್ಕಿ ತಾಂಡಾಗಳ ಲಮಾಣಿ ತಾಯಂದಿರೂ ಇದ್ದಾರೆ. ಹಿಂದಿ ಸಿನಿಮಾದ ಹಾಡು ಬಿಟ್ಟರೆ ಹಿಂದಿಯ ಗಂಧಗಾಳಿ ಇಲ್ಲದ, ಕನ್ನಡದಲ್ಲಿ ವ್ಯವಹಾರ ಮಾಡುವ, ಮಗುವನ್ನು ಲಮಾಣಿಯಲ್ಲಿ ರಮಿಸುವ ಹೆಣ್ಣುಮಗಳನ್ನು ಹಿಂದಿ ಭಾಷಿಕಳೆಂದು ಎಣಿಸುವುದು ಅನ್ಯಾಯ ಎಂದೇ ನಾನು ಹೇಳುತ್ತೇನೆ. ಭಾಷೆಗಳ ಕುಲಮೂಲ ಹುಡುಕುವಾಗ ಲಮಾಣಿಯನ್ನು ರಾಜಸ್ಥಾನಿಯ ಬಳಗದಲ್ಲಿ ಇಡುವುದು ಪಂಡಿತರ ಕೆಲಸ. ಶಾಲೆ, ಪಠ್ಯ, ಅಕಾಡೆಮಿ, ಅನುದಾನದ ಪ್ರಶ್ನೆ ಬಂದಾಗ ಬೇಕಾದದ್ದು ಆಡುವವರ ಲೆಕ್ಕ. ಕನ್ನಡದ ಕೆಳಗೂ ಹೀಗೇ ಬಡಗ, ಕುರುಂಬದಂಥ ಮಾತುಗಳನ್ನು ಸೇರಿಸಿದ್ದಾರೆ. ನೀಲಗಿರಿಯ ಬಡಗರು ಕೇಳಿದರೆ ಅವರಿಗೂ ನಾವು ಇದೇ ಉತ್ತರ ಕೊಡಬೇಕಾಗುತ್ತದೆ. ಈ ಭಾಷಾ ಅಂಕಿಗಳು ಹೊರಬಂದದ್ದು 2018ರಲ್ಲಿ, ಎಣಿಸಿದ ಏಳು ವರ್ಷಗಳ ನಂತರ.

ಒಂದೇ ಕುಲದವರು ಗಡಿ ದಾಟಿದರೆ ಗುರುತೂ ಬದಲಾಗುವುದು ಲಂಬಾಣಿಗರಿಗೆ ಹೊಸತಲ್ಲ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ, ಗದ್ವಾಲಕ್ಕೆ ಹೋದರೆ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ.

ಪಟ್ಟಿ ಬದಲಾದರೆ ಅಂಕಿ ಹೇಗೆ ನೆಗೆಯುತ್ತದೆ ಎಂಬುದಕ್ಕೆ ನಾಯಕ ಸಮುದಾಯ ದೊಡ್ಡ ನಿದರ್ಶನ. 1971ರಲ್ಲಿ ಇಡೀ ಕರ್ನಾಟಕದ ಪರಿಶಿಷ್ಟ ಪಂಗಡದವರು 2.31 ಲಕ್ಷ, 1981ರಲ್ಲಿ 18.25 ಲಕ್ಷ. ಹತ್ತು ವರ್ಷದಲ್ಲಿ ಯಾವ ಜನವೂ ಎಂಟು ಪಟ್ಟು ಹುಟ್ಟುವುದಿಲ್ಲ. ಅಲ್ಲಿಯವರೆಗೆ ಪಟ್ಟಿ ಹಳೆಯ ಸಂಸ್ಥಾನ, ಪ್ರಾಂತಗಳ ಗಡಿಗೆ ಕಟ್ಟುಬಿದ್ದಿತ್ತು. ಮುಂಬೈ ಕರ್ನಾಟಕದಲ್ಲಿದ್ದ ನಾಯಕ ಪಟ್ಟಿಯಲ್ಲಿದ್ದರೆ ರಾಯಚೂರಿನಲ್ಲಿದ್ದವನು ಹೊರಗೆ. 1976ರ ಕಾಯ್ದೆ ಈ ಪ್ರಾದೇಶಿಕ ಮಿತಿಯನ್ನು ತೆಗೆದುಹಾಕಿತು. ಬೇಡ, ಬೇಡರ, ವಾಲ್ಮೀಕಿ ಎಂಬ ಹೆಸರುಗಳನ್ನು ನಾಯಕದ ಜೊತೆಗೆ ಸೇರಿಸಿದ್ದು 1991ರಲ್ಲಿ. 2001ಕ್ಕೆ ರಾಜ್ಯದ ಲೆಕ್ಕ 34.64 ಲಕ್ಷ ತಲುಪಿತು. 2011ರಲ್ಲಿ ರಾಯಚೂರು ಜಿಲ್ಲೆಯ 19.28 ಲಕ್ಷ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರು ಪರಿಶಿಷ್ಟ ಪಂಗಡದವರು. ಇದು ಬರೀ ಪುಸ್ತಕದ ಅಂಕಿಯಲ್ಲ: 2001ರ ಗಣತಿಯ ಆಧಾರದ ಮೇಲೆ ಕ್ಷೇತ್ರಗಳನ್ನು ಮರುವಿಂಗಡಿಸಿದಾಗ ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ನಾಲ್ಕು ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಹೊಸದಾಗಿ ಹುಟ್ಟಿದ ಮಸ್ಕಿ ಅವುಗಳಲ್ಲಿ ಒಂದು. ಲಿಂಗಸುಗೂರು ಪರಿಶಿಷ್ಟ ಜಾತಿಗೆ, ಸಿಂಧನೂರು ಸಾಮಾನ್ಯಕ್ಕೆ.

ಧರ್ಮದ ಕಾಲಂ ನೋಡಲು ಸರಳ. ಆರು ಧರ್ಮಗಳಿಗೆ ಒಂದೊಂದು ಅಂಕೆ, ಬೇರೆಯಾದರೆ ಪೂರ್ತಿ ಹೆಸರು ಬರೆಯಬೇಕು. ಆದರೆ ಅದರ ಮುಂದಿನ ಪ್ರಶ್ನೆ ಅದಕ್ಕೆ ಬಿಗಿಯಾಗಿ ಗಂಟುಬಿದ್ದಿದೆ. ಪರಿಶಿಷ್ಟ ಜಾತಿಯವರು ಹಿಂದೂ, ಸಿಖ್ ಅಥವಾ ಬೌದ್ಧ ಆಗಿದ್ದರೆ ಮಾತ್ರ ಪರಿಶಿಷ್ಟ ಜಾತಿ. ಸಿಖ್ಖರನ್ನು ಸೇರಿಸಿದ್ದು 1956ರಲ್ಲಿ, ಬೌದ್ಧರನ್ನು 1990ರಲ್ಲಿ. ಪರಿಶಿಷ್ಟ ಪಂಗಡಕ್ಕೆ ಈ ಕಟ್ಟಿಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದ ಕ್ರೈಸ್ತರಿದ್ದಾರೆ. ಗೋವೆ ಕಡೆಯಿಂದ ಪಾದ್ರಿಗಳು ಬಂದದ್ದು 16ನೇ ಶತಮಾನದಲ್ಲಿ. ಈ ಸೀಮೆಯ ಕೇರಿಗಳಲ್ಲಿ ಭಾನುವಾರ ಚರ್ಚಿಗೆ ಹೋಗುವ ದಲಿತ ಕುಟುಂಬದ ಮುಂದೆ ಎರಡೇ ದಾರಿ. ಕ್ರೈಸ್ತ ಎಂದು ಬರೆಸಿದರೆ ಪರಿಶಿಷ್ಟ ಜಾತಿಯ ಲೆಕ್ಕದಿಂದ ಹೊರಗೆ. ಹಿಂದೂ ಎಂದು ಬರೆಸಿದರೆ ಪೂಜಿಸುವ ದೇವರು ಲೆಕ್ಕದಿಂದ ಹೊರಗೆ. ಅದೇ ಮುದಗಲ್ಲಿನ ಮೊಹರಂ ನೋಡಿದವರಿಗೆ ಗೊತ್ತು, ಅಲಾಯಿ ದೇವರಿಗೆ ಹರಕೆ ಹೊರುವವರಲ್ಲಿ ಹಿಂದೂಗಳದು ದೊಡ್ಡ ಸಂಖ್ಯೆ. ಆರು ಅಂಕೆಗಳಲ್ಲಿ ಒಂದನ್ನು ಮಾತ್ರ ಒಪ್ಪುವ ಪ್ರಶ್ನೆಗೆ ಈ ಭಕ್ತಿ ನಿಲುಕುವುದಿಲ್ಲ. ಪಟ್ಟಣಗಳ ಮುಸ್ಲಿಂ ಓಣಿಗಳಲ್ಲಿ ಆಡುವುದು ದಖನಿ, ಬರೆಸುವುದು ಉರ್ದು. ಅಲ್ಲೂ ಮನೆಯ ಮಾತು ಪುಸ್ತಕದ ಹೆಸರಿನೊಳಗೆ ಸೇರಿಹೋಗುತ್ತದೆ.

ಮಸ್ಕಿಯದು ಬೇರೆ ಸಮಸ್ಯೆ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರಿನ ಕಣ್ಣಿಗೆ ಬಿದ್ದ ಇಲ್ಲಿನ ಬಂಡೆಶಾಸನದಿಂದಲೇ ‘ದೇವಾನಂಪ್ರಿಯ’ನ ಹೆಸರು ಅಶೋಕ ಎಂದು ಲೋಕಕ್ಕೆ ಖಾತ್ರಿಯಾದದ್ದು. ಆದರೆ 2011ರ ಗಣತಿಯಲ್ಲಿ ಮಸ್ಕಿ ತಾಲ್ಲೂಕು ಎಂಬ ಸಾಲೇ ಇಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿಗಳ ಹಳ್ಳಿಗಳನ್ನು ಕೂಡಿಸಿ ತಾಲ್ಲೂಕು ಮಾಡಿದ್ದು ಆಮೇಲೆ. ಹಳ್ಳಿವಾರು ಪಟ್ಟಿಯಿಂದ ಪರಿಶಿಷ್ಟ ಜಾತಿ, ಪಂಗಡ, ಅಕ್ಷರಸ್ಥರ ಲೆಕ್ಕವನ್ನು ಒಂದೊಂದೇ ಕೂಡಿಸಿ ತಾಲ್ಲೂಕಿನ ಅಂದಾಜು ಮಾಡಬಹುದು. ಭಾಷೆ, ಧರ್ಮಗಳಿಗೆ ಅದೂ ಸಾಧ್ಯವಿಲ್ಲ. ಅವನ್ನು ಹಳ್ಳಿ ಮಟ್ಟದಲ್ಲಿ ಪ್ರಕಟಿಸುವುದಿಲ್ಲ. ಮಸ್ಕಿ ಮೊದಲ ಸಲ ತಾಲ್ಲೂಕಾಗಿ ಎಣಿಕೆಗೆ ಸಿಗುವುದು 2027ರಲ್ಲಿ.

ಆ ಗಣತಿಯಲ್ಲಿ, 1931ರ ನಂತರ ಮೊದಲ ಬಾರಿಗೆ, ಎಲ್ಲರ ಜಾತಿಯನ್ನೂ ಕೇಳಲಾಗುತ್ತದೆ. ಕಾಗದದ ಬದಲು ಮೊಬೈಲ್ ಆ್ಯಪ್ ಬರುತ್ತದೆ. ಸಿದ್ಧ ಹೆಸರುಗಳಲ್ಲಿ ಹತ್ತಿರದ್ದೊಂದನ್ನು ಒತ್ತಿ ಮುಂದಿನ ಮನೆಗೆ ನಡೆಯುವ ಅವಸರ ಗಣತಿದಾರರನ್ನು ಕಾಡದಿರಲಿ ಎಂಬುದು ನನ್ನ ಕಳಕಳಿ. ಅದಕ್ಕಿಂತ ದೊಡ್ಡ ಚಿಂತೆ ಕಾಲದ್ದು. ಗಣತಿಯ ಆಧಾರ ದಿನ ಮಾರ್ಚ್ 1, ಮನೆಮನೆಯ ಎಣಿಕೆ ಫೆಬ್ರವರಿಯಲ್ಲಿ. ನೀರಾವರಿಯ ಸಿಂಧನೂರಿನಲ್ಲಿ ಆಗ ಎರಡನೇ ಬೆಳೆಯ ಕೆಲಸವಿರುತ್ತದೆ. ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹಳ್ಳಿ ತಾಂಡಾಗಳಲ್ಲಿ ಸುಗ್ಗಿ ಮುಗಿದು ಜನ ಬೆಂಗಳೂರು, ಪುಣೆ, ಗೋವಾಕ್ಕೆ ಗುಳೆ ಹೋಗಿರುತ್ತಾರೆ. 2011ರ ನಿಯಮದಂತೆ ಫೆಬ್ರವರಿ 9ರಿಂದ 28ರವರೆಗೆ ಒಂದು ದಿನವೂ ಊರಲ್ಲಿ ಇರದವರನ್ನು ಊರಿನ ಲೆಕ್ಕಕ್ಕೆ ಹಿಡಿಯುವಂತಿಲ್ಲ; ಇದ್ದಲ್ಲೇ ಎಣಿಸಬೇಕು. ಬೆಂಗಳೂರಿನ ಕಟ್ಟಡದ ಶೆಡ್ಡಿನಲ್ಲಿ ಆ ಕುಟುಂಬದ ಮುಂದೆ ನಿಲ್ಲುವ ಗಣತಿದಾರರಿಗೆ ಲಮಾಣಿ ಎಂಬ ಮಾತೊಂದು ಇದೆ ಎಂದು ಗೊತ್ತಿರುತ್ತದೆಯೇ?

ತಾಲ್ಲೂಕಿನಲ್ಲಿ ಗಣತಿಯ ಹೊಣೆ ತಹಶೀಲ್ದಾರರದು, ಮನೆ ಸುತ್ತುವವರು ಹೆಚ್ಚಾಗಿ ಶಾಲಾ ಶಿಕ್ಷಕರು. ಲಮಾಣಿ ಬಲ್ಲ ಮಾಸ್ತರರು ತಾಂಡಾಗಳಿಂದಲೇ ಬಂದಿದ್ದಾರೆ, ಬಂಗಾಳಿ, ತೆಲುಗು ಮನೆಮಾತಿನವರು ಕ್ಯಾಂಪುಗಳಲ್ಲಿದ್ದಾರೆ. ಬ್ಲಾಕು ಹಂಚುವ ದಿನ ಅವರನ್ನು ಅವರವರ ಮಾತಿನ ಓಣಿಗೆ ಕಳಿಸಲು ಯಾವ ಹೊಸ ಆದೇಶವೂ ಬೇಕಿಲ್ಲ, ತಹಶೀಲ್ದಾರರ ಒಂದು ಸಹಿ ಸಾಕು. ಗುಳೆ ಹೋಗುವ ಕುಟುಂಬಗಳಿಗೆ ಜನವರಿಯಲ್ಲೇ, ಲಾರಿ ಹತ್ತುವ ಮೊದಲೇ, ಮಾತೃಭಾಷೆಯ ಪ್ರಶ್ನೆಗೆ ಏನು ಬರೆಸಬೇಕೆಂದು ತಾಂಡಾದ ಹಿರಿಯರಾದ ನಾಯಕ, ಕಾರಭಾರಿಗಳು ಕೂಡಿಸಿ ಹೇಳಬಹುದು.