ಬಿ.ಪಿ. ನೋಡಿಸುವಾಗ ಎರಡೂ ಕೈ ನೀಡಿ
ರಕ್ತನಾಳಗಳ ಉರಿಯೂತ: ತಿಳಿದಿರಬೇಕಾದ ಸಂಗತಿಗಳು

ಪುಣೆಯ ನಮ್ಮ ಸಂಘ-ಸಂಸ್ಥೆಗಳು ಆಗಾಗ ಉಚಿತ ಆರೋಗ್ಯ ತಪಾಸಣಾ ಶಿಬಿರ ಏರ್ಪಡಿಸುವುದುಂಟು. ಅಲ್ಲಿ ಒಂದು ಕೈಗೆ ಪಟ್ಟಿ ಕಟ್ಟಿ, ಬಿ.ಪಿ. ನೋಡಿ ಚೀಟಿ ಕೊಡುವುದು ರೂಢಿ. ಇನ್ನೊಂದು ಕೈಯನ್ನೂ ನೋಡಿದರೆ ಮಾತ್ರ ಸುಳಿವು ಸಿಗುವ ಕಾಯಿಲೆಯೊಂದಿದೆ.

ರಕ್ತನಾಳಗಳ ಉರಿಯೂತಕ್ಕೆ ವೈದ್ಯರು 'ವ್ಯಾಸ್ಕುಲೈಟಿಸ್' ಎನ್ನುತ್ತಾರೆ. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ರಕ್ತನಾಳದ ಗೋಡೆಯ ಮೇಲೆ ತಿರುಗಿ ಬೀಳುತ್ತದೆ. ಗೋಡೆ ಊದಿ ನಾಳ ಕಿರಿದಾಗುತ್ತದೆ, ಕೆಲವೊಮ್ಮೆ ಮುಚ್ಚಿಯೇ ಹೋಗುತ್ತದೆ. ಇದು ಅಂಟುರೋಗವಲ್ಲ.

ಇದರಲ್ಲಿ ಹಲವು ವಿಧ. ದೊಡ್ಡ ನಾಳಗಳನ್ನು ಕಾಡುವ 'ಟಕಯಾಸು' ಕಾಯಿಲೆಯನ್ನು 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಮಿಕಿಟೊ ಟಕಯಾಸು ವರದಿ ಮಾಡಿದರು. ಭಾರತದಲ್ಲೂ ಕಾಣುವ ಇದು ಹೆಚ್ಚಾಗಿ 40ರೊಳಗಿನ ಹೆಣ್ಣುಮಕ್ಕಳಿಗೆ ಬರುತ್ತದೆ. ಬಟ್ಟೆ ಹಿಂಡುವಾಗ, ಹಿಟ್ಟು ನಾದುವಾಗ ಕೈ ಬೇಗ ಸೋಲುತ್ತದೆ. ಮಣಿಕಟ್ಟಿನಲ್ಲಿ ನಾಡಿಯೇ ಸಿಗದಿರಬಹುದು. ಮೂತ್ರಪಿಂಡದ ನಾಳ ಕಿರಿದಾಗಿ ರಕ್ತದೊತ್ತಡ ಏರಿದ್ದರೂ, ರಕ್ತ ಸರಿಯಾಗಿ ಹರಿಯದ ಕೈಯಲ್ಲಿ ಬಿ.ಪಿ. ಕಡಿಮೆಯೇ ತೋರುತ್ತದೆ. ಅಪಾಯವಿರುವುದು ಇಲ್ಲಿಯೇ.

50 ದಾಟಿದವರಿಗೆ ಹೊಸದಾಗಿ ಕಣತಲೆಯ ಭಾಗದಲ್ಲಿ ತಲೆನೋವು, ಅಗಿಯುವಾಗ ದವಡೆ ನೋವು ಬಂದರೆ 'ಜೈಂಟ್ ಸೆಲ್' ವಿಧವಿರಬಹುದು. ತಡಮಾಡಿದರೆ ದೃಷ್ಟಿ ಹೋಗಬಹುದು. ಪುಟ್ಟ ಮಕ್ಕಳಿಗೆ ಐದು ದಿನ ಬಿಡದ ಜ್ವರ, ಕೆಂಪು ಕಣ್ಣು, ಒಡೆದ ತುಟಿ ಇದ್ದರೆ 'ಕವಾಸಾಕಿ' ಕಾಯಿಲೆಯೇ ಎಂದು ನೋಡಬೇಕು. ಅದು ಹೃದಯದ ನಾಳಗಳನ್ನು ಕೆಡಿಸುತ್ತದೆ. ಸಣ್ಣ ನಾಳಗಳ ಉರಿಯೂತದಲ್ಲಿ ಚರ್ಮ, ಶ್ವಾಸಕೋಶ, ಮೂತ್ರಪಿಂಡಗಳಿಗೆ ಪೆಟ್ಟು.

ಇ.ಎಸ್.ಆರ್., ಸಿ.ಆರ್.ಪಿ., 'ಆಂಕಾ' ರಕ್ತಪರೀಕ್ಷೆ, ಮೂತ್ರಪರೀಕ್ಷೆ, ಆಂಜಿಯೋಗ್ರಾಫಿ, ಬಯಾಪ್ಸಿ: ಯಾವುದು ಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಟಕಯಾಸು ಕಾಯಿಲೆ ಎಷ್ಟು ಸಕ್ರಿಯವಾಗಿದೆ ಎಂದು ಅಳೆಯಲು ಭಾರತದ ವೈದ್ಯರೇ 'ಐಟಾಸ್-2010' ಎಂಬ ಅಂಕಪದ್ಧತಿ ರೂಪಿಸಿದ್ದಾರೆ.

ಚಿಕಿತ್ಸೆ ವಿಧಕ್ಕೆ ತಕ್ಕಂತೆ. ಸಾಮಾನ್ಯವಾಗಿ ಸ್ಟೀರಾಯ್ಡ್‌ನಿಂದ ಆರಂಭ. ಜೊತೆಗೆ ಮೆಥೊಟ್ರೆಕ್ಸೇಟ್, ರಿಟುಕ್ಸಿಮ್ಯಾಬ್‌ನಂಥ ಔಷಧಗಳು. ಕವಾಸಾಕಿಗೆ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ನನ್ನು ಜ್ವರ ಆರಂಭವಾದ ಹತ್ತು ದಿನದೊಳಗೆ ಕೊಡಬೇಕು. ನೋವು ಇಳಿಯಿತೆಂದು ಸ್ಟೀರಾಯ್ಡ್ ಮಾತ್ರೆಯನ್ನು ಥಟ್ಟನೆ ನಿಲ್ಲಿಸುವುದು ಅಪಾಯ. ಸಾಲದ ಕಂತಿನಂತೆ ತಾರೀಖು ತಪ್ಪದೆ ತಪಾಸಣೆಗೆ ಹೋಗಬೇಕು.

ಎರಡು ಕೈಗಳ ಮೇಲಿನ ಅಂಕಿಯಲ್ಲಿ 10ಕ್ಕಿಂತ ಹೆಚ್ಚು ವ್ಯತ್ಯಾಸ ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತೋರಿಸಿ. ಬೇರೆ ಕಾರಣಗಳೂ ಇರಬಹುದು, ಗಾಬರಿ ಬೇಡ. ಖಾಸಗಿ ಖರ್ಚು ಹೊರೆಯೆನಿಸಿದರೆ ಪುಣೆ ರೈಲು ನಿಲ್ದಾಣದ ಬಳಿ ಸರ್ಕಾರಿ ಸಸೂನ್ ಆಸ್ಪತ್ರೆಯಿದೆ. ಮುಂದಿನ ಶಿಬಿರದ ಚೀಟಿಯಲ್ಲಿ 'ಬಲಗೈ', 'ಎಡಗೈ' ಎಂದು ಎರಡು ಕಾಲಂ ಹಾಕಿಸಲು ಸಂಘಟಕ ಬಾಂಧವರಲ್ಲಿ ವಿನಂತಿ.