ನೀರಿನಡಿಯ 15 ಮೀಟರ್

1988ರ ಸೋಲ್ ಒಲಿಂಪಿಕ್ಸ್, ಪುರುಷರ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಫೈನಲ್. ಸ್ಪರ್ಧೆ ಶುರುವಾಯಿತು, ಆದರೆ ಮುಂದಿದ್ದವರು ಯಾರ ಕಣ್ಣಿಗೂ ಬೀಳಲಿಲ್ಲ. ಜಪಾನಿನ ದಾಯಿಚಿ ಸುಜುಕಿ, ಅಮೆರಿಕದ ಡೇವಿಡ್ ಬರ್ಕಾಫ್ ಇಬ್ಬರೂ ಮೊದಲ 50 ಮೀಟರಿನ ಅರ್ಧಕ್ಕೂ ಹೆಚ್ಚು ದೂರವನ್ನು ನೀರಿನಡಿಯಲ್ಲೇ, ಕಾಲು ಬಡಿಯುತ್ತ ದಾಟಿಬಿಟ್ಟರು. 55.05 ಸೆಕೆಂಡಿಗೆ ಸುಜುಕಿ ಚಿನ್ನ ಗೆದ್ದರು, 55.18ಕ್ಕೆ ಬರ್ಕಾಫ್ ಬೆಳ್ಳಿ. ಅಂಗಾತ ಈಜುವ ಸ್ಪರ್ಧೆಯಲ್ಲಿ ಈಜೇ ಕಾಣದಿದ್ದರೆ ಹೇಗೆ? ಅಂತರರಾಷ್ಟ್ರೀಯ ಒಕ್ಕೂಟ ಮೊದಲು 10 ಮೀಟರ್, ಆಮೇಲೆ 15 ಮೀಟರ್ ಎಂದು ಮಿತಿ ಹಾಕಿತು. 1998ರಲ್ಲಿ ಬಟರ್‌ಫ್ಲೈ, ಫ್ರೀಸ್ಟೈಲ್‌ಗಳಿಗೂ ಅದೇ ಮಿತಿ ಬಂತು.

ಇದೇನೂ ಹೊಸ ತಕರಾರಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಮಸಾರು ಫುರುಕಾವಾ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ ಬಹುಪಾಲನ್ನು ಮುಳುಗಿಯೇ ಈಜಿ ಚಿನ್ನ ಗೆದ್ದಿದ್ದರು. ಅದಕ್ಕೂ ಕಡಿವಾಣ ಬಿತ್ತು.

ಮುಳುಗಿದವರಿಗೆ ಯಾಕಿಷ್ಟು ಲಾಭ? ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಮೇಲ್ಮೈಯಲ್ಲಿ ಈಜುವಾಗ ದೇಹ ಆ ನೀರನ್ನು ಸೀಳುವುದಷ್ಟೇ ಅಲ್ಲ, ಅಲೆಗಳನ್ನೂ ಎಬ್ಬಿಸುತ್ತದೆ. ಆ ಅಲೆಗೆ ಹೋಗುವ ಬಲ ಈಜುಗಾರನದ್ದೇ. ಅರ್ಧ ಮೀಟರಿಗೂ ಕೆಳಗೆ ಹೋದರೆ ಈ ಖರ್ಚು ಬಹಳಷ್ಟು ಉಳಿಯುತ್ತದೆ. ಜೊತೆಗೆ ಗೋಡೆಯನ್ನು ಒದ್ದು ಹೊರಟ ಕ್ಷಣದ ವೇಗ ಕೈ ಬೀಸಿ ಗಳಿಸುವ ವೇಗಕ್ಕಿಂತ ಹೆಚ್ಚು. ಅದನ್ನು ಗಳಿಸುವುದಕ್ಕಿಂತ ಕಳೆದುಕೊಳ್ಳದೇ ಇರುವುದೇ ದೊಡ್ಡ ವಿದ್ಯೆ.

ಅದಕ್ಕೇ ಕೋಚ್‌ಗಳು ಸ್ಟ್ರೀಮ್‌ಲೈನ್ ಎಂದು ಗಂಟಲು ಹರಿದುಕೊಳ್ಳುವುದು. ಅಂಗೈ ಮೇಲೆ ಅಂಗೈ, ಎರಡೂ ತೋಳು ಕಿವಿಯ ಹಿಂದೆ ಬಿಗಿ, ಗಲ್ಲ ಎತ್ತಬಾರದು, ಕಾಲ್ಬೆರಳು ಹಿಂದಕ್ಕೆ ಚಾಚಿರಬೇಕು. ಆಮೇಲೆ ಡಾಲ್ಫಿನ್ ಕಿಕ್, ಅಂದರೆ ಎರಡೂ ಕಾಲು ಜೋಡಿಸಿ ಒಟ್ಟಿಗೆ ಬಡಿಯುವುದು. ಕಲಿಯುವ ಮಕ್ಕಳು ಮೊಣಕಾಲು ಮಡಚಿ ಒದೆಯುತ್ತಾರೆ. ಮಡಚಿದ ತೊಡೆಯೇ ನೀರಿಗೆ ಅಡ್ಡವಾಗುತ್ತದೆ. ಅಲೆ ಹುಟ್ಟಬೇಕಾದದ್ದು ಎದೆ-ಸೊಂಟದಲ್ಲಿ, ಬಾರುಕೋಲಿನ ಹಾಗೆ ಪಾದದಲ್ಲಿ ಮುಗಿಯಬೇಕು. 15 ಮೀಟರ್ ಸಿಕ್ಕಿತೆಂದು ಎಲ್ಲರೂ ಅಷ್ಟೂ ದೂರ ಕೆಳಗಿರಬೇಕಿಲ್ಲ. ಕಿಕ್ ಬಲಹೀನವಾಗಿದ್ದರೆ ಎಂಟು ಮೀಟರಿಗೇ ಮೇಲೆದ್ದು ಬರುವುದು ಜಾಣತನ.

ಬ್ಯಾಕ್‌ಸ್ಟ್ರೋಕ್‌ನಲ್ಲಿ ಇನ್ನೊಂದು ಪೇಚು: ಗೋಡೆ ಕಾಣುವುದಿಲ್ಲ. ಗೋಡೆಗೆ ಐದು ಮೀಟರ್ ಇರುವಂತೆ ಕೊಳದ ಮೇಲೆ ಅಡ್ಡಲಾಗಿ ಬಾವುಟಗಳ ಸಾಲು ಕಟ್ಟಿರುತ್ತಾರೆ. ಬಾವುಟ ಕಂಡ ಮೇಲೆ ಗೋಡೆಗೆ ಎಷ್ಟು ಕೈ ಎಂಬ ಲೆಕ್ಕ ಪ್ರತಿಯೊಬ್ಬರಿಗೂ ಬೇರೆ, ಅದು ಬಾಯಿಪಾಠವಾಗಿರಬೇಕು. ಕೊನೆಯ ಕೈಗೆ ಬೋರಲಾಗಿ, ಒಂದೇ ಓಘದಲ್ಲಿ ಲಾಗ ಹಾಕಿ ಗೋಡೆ ಒದೆಯಬೇಕು. ಬೋರಲಾಗಿ ಸ್ವಲ್ಪ ತೇಲಿ ಗೋಡೆಗೆ ಕಾದರೆ ಅನರ್ಹತೆಯ ಚೀಟಿ ಖಚಿತ.

ಬೆಂಗಳೂರಿನ ಶ್ರೀಹರಿ ನಟರಾಜ್ 2021ರ ಜೂನ್‌ನಲ್ಲಿ ರೋಮ್‌ನಲ್ಲಿ ಇದೇ 100 ಮೀಟರ್ ಬ್ಯಾಕ್‌ಸ್ಟ್ರೋಕ್ ಅನ್ನು 53.77 ಸೆಕೆಂಡಿನಲ್ಲಿ ಮುಗಿಸಿದರು. ಟೋಕಿಯೊ ಒಲಿಂಪಿಕ್ಸ್‌ನ 'ಎ' ಅರ್ಹತಾ ಮಟ್ಟ 53.85. ಈಜಿನ ಯಾವುದೇ ಸ್ಪರ್ಧೆಯಲ್ಲಿ ಒಲಿಂಪಿಕ್ಸ್‌ನ 'ಎ' ಮಟ್ಟ ಮುಟ್ಟಿದ ಭಾರತೀಯರಲ್ಲಿ ಕೇರಳದ ಸಾಜನ್ ಪ್ರಕಾಶ್ ನಂತರ ಎರಡನೆಯವರು ಶ್ರೀಹರಿ. ಮಿಕ್ಕಿದ್ದು 0.08 ಸೆಕೆಂಡು. ಆ ವೇಗದಲ್ಲಿ ಅದು ಹೆಚ್ಚುಕಡಿಮೆ 15 ಸೆಂಟಿಮೀಟರ್, ಗೇಣಿಗೂ ಕಡಿಮೆ. ಒಂದು ಟರ್ನ್‌ನಲ್ಲಿ ಕಾಲು ಗೋಡೆಗೆ ಸರಿಯಾಗಿ ಊರದಿದ್ದರೆ ಅದಕ್ಕಿಂತ ಹೆಚ್ಚು ದೂರ ಹೋಗಿಬಿಡುತ್ತದೆ.

ಇಷ್ಟಾಗಿಯೂ ನಮ್ಮ ಬೇಸಿಗೆ ಶಿಬಿರಗಳಲ್ಲಿ ಗೋಡೆಗೆ ಸಿಗುವ ಸಮಯ ಅಲ್ಪ. ಗ್ಯಾಲರಿಯ ಅಪ್ಪ-ಅಮ್ಮಂದಿರಿಗೂ ಮಗು ಎಷ್ಟು ಸುತ್ತು ಹೊಡೆಯಿತು ಎಂಬುದೇ ಲೆಕ್ಕ. ಈ ಲೆಕ್ಕ ಎಷ್ಟು ಅರೆಬರೆ ಎಂಬುದು 25 ಮೀಟರಿನ ಕೊಳದಲ್ಲಿ ಗೊತ್ತಾಗುತ್ತದೆ: ಅಲ್ಲಿ 100 ಮೀಟರಿಗೆ ಒಂದು ಸ್ಟಾರ್ಟ್, ಮೂರು ಟರ್ನ್. ಪ್ರತಿಯೊಂದಕ್ಕೂ 15 ಮೀಟರಿನಂತೆ ನಿಯಮ ಕೊಟ್ಟ ಅವಕಾಶವನ್ನು ಪೂರ್ತಿ ಬಳಸಿದರೆ 60 ಮೀಟರ್ ನೀರಿನಡಿಯಲ್ಲೇ ಮುಗಿಯುತ್ತದೆ, ಕೈ ಬೀಸಲು ಉಳಿಯುವುದು 40.