ನಾದ ಧ್ಯಾನಕ್ಕೆ ಕೂರುವ ಮುನ್ನ ಕಿವಿ ಪರೀಕ್ಷಿಸಿಕೊಳ್ಳಿ: ಒಳಗೆ ಕೇಳುವುದೆಲ್ಲ ಅನಾಹತ ನಾದವಲ್ಲ!

ಹೈದರಾಬಾದ್: ಕಣ್ಣು ಮುಚ್ಚಿ, ಕಿವಿ ಮುಚ್ಚಿ ಕುಳಿತಾಗ ಒಳಗಿನಿಂದ ಕೇಳುವ ಸದ್ದಿನ ಮೇಲೆ ಮನಸ್ಸು ನಿಲ್ಲಿಸುವ ಅಭ್ಯಾಸಕ್ಕೆ ಯೋಗದಲ್ಲಿ ನಾದಾನುಸಂಧಾನ ಎಂದು ಹೆಸರು. ಗುರು, ಆಶ್ರಮಗಳ ನೆರಳಿನಲ್ಲಿದ್ದ ಈ ಅಭ್ಯಾಸ ಈಗ ಮೊಬೈಲ್ ವಿಡಿಯೊಗಳ ಮೂಲಕ ಮನೆಮನೆಗೆ ಬಂದಿದೆ. ಆದರೆ ದಿನವಿಡೀ ಯಂತ್ರದ ಸದ್ದಿನಲ್ಲಿ ದುಡಿಯುವವರು ಸಂಜೆ ಮನೆಗೆ ಬಂದು ಕಿವಿ ಮುಚ್ಚಿ ಕುಳಿತರೆ ಕೇಳಿಸುವ 'ಕುಂಯ್' ಸದ್ದು ನಾದವೇ, ಇಲ್ಲ ಕಿವಿಗೆ ಬಿದ್ದ ಪೆಟ್ಟೇ?

ಹೈದರಾಬಾದಿನ ಬಾಲಾನಗರದಂಥ ಕಡೆ ಈ ಪ್ರಶ್ನೆಗೆ ತೂಕ ಹೆಚ್ಚು. ಎಚ್‌ಎಎಲ್‌ನ ಏವಿಯಾನಿಕ್ಸ್ ವಿಭಾಗ, 1968ರಲ್ಲಿ ಆರಂಭವಾದ ಕೇಂದ್ರೀಯ ಟೂಲ್ ಡಿಸೈನ್ ಸಂಸ್ಥೆ, ಅವುಗಳ ಸುತ್ತ ಲೇತ್, ಪ್ರೆಸ್, ಗ್ರೈಂಡಿಂಗ್ ಯಂತ್ರಗಳ ಸಣ್ಣಪುಟ್ಟ ಶೆಡ್‌ಗಳು. 2021ರ ಜುಲೈನಲ್ಲಿ ಫ್ಲೈಓವರ್ ತೆರೆದ ಮೇಲೆ ವಾಹನಗಳಿಗೆ ದಾರಿ ಸಲೀಸಾಯಿತು, ಕೆಳಗಿನ ಶೆಡ್‌ಗಳ ಸದ್ದು ಹಾಗೇ ಇದೆ. ಬೀದರ್, ಕಲಬುರಗಿ ಕಡೆಯಿಂದ ಹೈದರಾಬಾದಿಗೆ ದುಡಿಯಲು ಹೋದ ನಮ್ಮವರೂ ಇಂಥ ಸದ್ದಿಗೆ ಹೊಸಬರಲ್ಲ.

ಗ್ರಂಥದಲ್ಲಿ ಏನಿದೆ?

ಈ ಧ್ಯಾನದ ವಿವರ ಹೆಚ್ಚು ಸಿಗುವುದು 15ನೇ ಶತಮಾನದ ಸ್ವಾತ್ಮಾರಾಮರ 'ಹಠಯೋಗ ಪ್ರದೀಪಿಕೆ'ಯ ನಾಲ್ಕನೇ ಅಧ್ಯಾಯದಲ್ಲಿ. ನಾದಬಿಂದು ಉಪನಿಷತ್ತಿನಲ್ಲೂ ಇದರ ಪ್ರಸ್ತಾಪವಿದೆ. ನಾದ, ಬಿಂದು, ಕಳೆ ಎಂಬ ಮಾತುಗಳು ವಚನಗಳನ್ನು ಓದಿದ ಕನ್ನಡಿಗರಿಗೂ ಅಪರಿಚಿತವಲ್ಲ. ಎರಡು ವಸ್ತು ತಾಗಿ ಹುಟ್ಟುವ ಸದ್ದು ಆಹತ, ತಾಗದೆ ಕೇಳುವುದು ಅನಾಹತ. ಹಾಗಾಗಿ ಇಯರ್‌ಫೋನ್ ಹಾಕಿಕೊಂಡು ಓಂಕಾರದ ಆಡಿಯೊ ಕೇಳುವುದು ಮನಸ್ಸಿಗೆ ಹಿತವಾಗಿರಬಹುದು, ಆದರೆ ಅದು ನಾದಾನುಸಂಧಾನ ಅಲ್ಲ.

ಸ್ವಾತ್ಮಾರಾಮರು ಹೇಳುವ ಕ್ರಮ ಕುತೂಹಲಕರ. ಮೊದಲು ಸಮುದ್ರ, ಮೋಡ, ಭೇರಿಯಂಥ ದಪ್ಪ ಸದ್ದು. ನಡುವೆ ಮದ್ದಳೆ, ಶಂಖ, ಗಂಟೆ, ಕಹಳೆ. ಕೊನೆಗೆ ಕಿರುಗೆಜ್ಜೆ, ಕೊಳಲು, ವೀಣೆ, ದುಂಬಿಯ ದನಿ. ದೊಡ್ಡದರಿಂದ ಸಣ್ಣದಕ್ಕೆ, ಸ್ಥೂಲದಿಂದ ಸೂಕ್ಷ್ಮಕ್ಕೆ ಸಾಗುವ ದಾರಿ ಇದು. ಗಮನಿಸಬೇಕಾದ್ದು ಇನ್ನೊಂದಿದೆ. ಆಸನ, ಆಹಾರ, ಉಸಿರಾಟಗಳನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಕೊನೆಯ ಅಧ್ಯಾಯದಲ್ಲಿ ಅವರು ನಾದಕ್ಕೆ ಬರುತ್ತಾರೆ. ಬಹಳಷ್ಟು ವಿಡಿಯೊಗಳು ಶುರುವಾಗುವುದೇ ಅಲ್ಲಿಂದ!

ವೈದ್ಯರ ಕಣ್ಣಲ್ಲಿ

ಹೊರಗಿನ ಮೂಲವಿಲ್ಲದೆ ಕಿವಿಯಲ್ಲಿ ಕೇಳುವ ಸದ್ದಿಗೆ ವೈದ್ಯಕೀಯದಲ್ಲಿ ಟಿನ್ನಿಟಸ್, ಅಂದರೆ ಕಿವಿಮೊರೆತ ಎನ್ನುತ್ತಾರೆ. ಇದು ಎಲ್ಲರಲ್ಲೂ ರೋಗವಲ್ಲ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಶ್ರವಣ ದೋಷವಿಲ್ಲದ 80 ಜನರನ್ನು ಶಬ್ದ ನುಸುಳದ ಕೋಣೆಯಲ್ಲಿ ಕೂರಿಸಿದಾಗ ಸುಮಾರು ಶೇ 94ರಷ್ಟು ಮಂದಿಗೆ ಏನಾದರೊಂದು ಸದ್ದು ಕೇಳಿಸಿತ್ತು. ಅಂದರೆ ಪೂರ್ತಿ ಮೌನದಲ್ಲಿ ಕುಳಿತರೆ ಆರೋಗ್ಯವಂತರಿಗೂ ಸದ್ದು ಕೇಳುವುದು ಸಹಜ. ಮೊದಲ ದಿನವೇ ಏನೋ ಕೇಳಿತೆಂದು ಹಿಗ್ಗಬೇಕಿಲ್ಲ, ಹೆದರಬೇಕಾಗಿಯೂ ಇಲ್ಲ.

ಯಂತ್ರದ ಮುಂದೆ ನಿಲ್ಲುವವರ ಕತೆ ಬೇರೆ. ಕಾರ್ಖಾನೆ ನಿಯಮಗಳ ಪ್ರಕಾರ ಎಂಟು ಗಂಟೆಯ ಶಿಫ್ಟ್‌ಗೆ ಶಬ್ದದ ಮಿತಿ 90 ಡೆಸಿಬಲ್. ಜೋರು ಸದ್ದು ಒಳಕಿವಿಯ ಸೂಕ್ಷ್ಮ ರೋಮಕೋಶಗಳನ್ನು ಘಾಸಿ ಮಾಡುತ್ತದೆ, ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಜ್ ಆಸುಪಾಸಿನ ಕೀಚಲು ದನಿ ಕೇಳುವ ಶಕ್ತಿ. ಮಾತು ಕೇಳುತ್ತಲೇ ಇರುವುದರಿಂದ ನಷ್ಟ ಗೊತ್ತೇ ಆಗುವುದಿಲ್ಲ. ಜೊತೆಗೆ ಅದೇ ಕೀಚಲು ಮೊರೆತ ಸೇರಿಕೊಳ್ಳುತ್ತದೆ. ಇದನ್ನೇ ಗ್ರಂಥದ ಕೊನೆಯ ಹಂತದ ಸೂಕ್ಷ್ಮ ನಾದವೆಂದು ತಿಳಿದು ವರ್ಷಗಟ್ಟಲೆ ಸುಮ್ಮನಿದ್ದರೆ ನಷ್ಟ ಕಿವಿಗೇ. ಶಬ್ದದಿಂದಾಗುವ ಕಿವುಡು ಔದ್ಯೋಗಿಕ ರೋಗ ಎಂಬುದೂ ಹಲವು ಕಾರ್ಮಿಕರಿಗೆ ತಿಳಿದಿಲ್ಲ.

ಕೇವಲ ಕೇಳಿ ಇದು ನಾದ, ಇದು ರೋಗ ಎಂದು ಖಚಿತವಾಗಿ ಬೇರ್ಪಡಿಸಲು ಆಗದು. ಆದರೂ ಸುಳಿವುಗಳಿವೆ. ಧ್ಯಾನದಿಂದ ಎದ್ದ ಮೇಲೂ ಬಿಡದ, ನಿದ್ದೆ ಕೆಡಿಸುವ, ಒಂದೇ ಶ್ರುತಿಯ ಸದ್ದಾದರೆ ಇಎನ್‌ಟಿ ವೈದ್ಯರನ್ನು ಕಾಣಿ. ಒಂದೇ ಕಿವಿಯಲ್ಲಿ ಕೇಳುವುದು, ನಾಡಿಮಿಡಿತದ ಲಯದಲ್ಲೇ ಬಡಿದುಕೊಳ್ಳುವುದು, ಜೊತೆಗೆ ತಲೆಸುತ್ತು ಇದ್ದರೆ ತಡಮಾಡಬೇಡಿ. ಒಂದು ಕಿವಿ ದಿಢೀರ್ ಮಂದವಾದರಂತೂ ಅದು ತುರ್ತು ಪರಿಸ್ಥಿತಿ.

ದೇಹದ ತಯಾರಿ ಹೇಗೆ?

ಮೊದಲ ತಯಾರಿ ಕಿವಿಗೆ ವಿಶ್ರಾಂತಿ. ಗದ್ದಲದಿಂದ ಹೊರಬಂದ ಮೇಲೆ ಕೆಲವು ಗಂಟೆ ಕಿವಿ ಮಂದವಾಗಿ, ಮೊರೆಯುತ್ತಿರುತ್ತದೆ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮದಲ್ಲಿ ಮೊದಲ ಶ್ರವಣ ಪರೀಕ್ಷೆಗೂ ಮುನ್ನ 14 ಗಂಟೆ ಕೆಲಸದ ಗದ್ದಲ ಕಿವಿಗೆ ಬೀಳಬಾರದು ಎಂದಿರುವುದು ಇದೇ ಕಾರಣಕ್ಕೆ. ಧ್ಯಾನಕ್ಕೂ ಅದೇ ಲೆಕ್ಕ ಒಪ್ಪುತ್ತದೆ: ಶಿಫ್ಟ್ ಮುಗಿಸಿ ಬಂದ ಸಂಜೆಗಿಂತ ನಿದ್ದೆಯಾದ ಬೆಳಗಿನ ಜಾವ ಒಳ್ಳೆಯದು. ಕೆಲಸದ ವೇಳೆ ಇಯರ್‌ಪ್ಲಗ್ ಹಾಕುವುದೂ ಸಾಧನೆಯ ಭಾಗ ಎಂದೇ ತಿಳಿಯಿರಿ.

ಊಟದ ವಿಷಯದಲ್ಲಿ ಗ್ರಂಥದ ಮಾತು ಸರಳ, ಹೊಟ್ಟೆಯ ಕಾಲು ಭಾಗ ಖಾಲಿ ಇರಲಿ. ಬೆನ್ನು ನೆಟ್ಟಗಿದ್ದರೆ ಸಾಕು. ಮಂಡಿ ನೋವಿದ್ದವರು ಸಿದ್ಧಾಸನಕ್ಕೆ ಹಟ ಹಿಡಿಯದೆ ಕುರ್ಚಿಯಲ್ಲೇ ಕೂರಬಹುದು.

ಬಳಿಕ ಐದಾರು ಸುತ್ತು ಭ್ರಾಮರಿ. ಬಾಯಿ ಮುಚ್ಚಿ ದುಂಬಿಯಂತೆ ಗುಂಯ್‌ಗುಟ್ಟುತ್ತಾ ಉಸಿರು ಬಿಡುವ ಈ ಪ್ರಾಣಾಯಾಮ ಉಸಿರನ್ನು ತಾನಾಗಿಯೇ ನಿಧಾನ ಮಾಡುತ್ತದೆ. ಹೀಗೆ ಗುಂಯ್‌ಗುಟ್ಟಿದಾಗ ಮೂಗಿನ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುತ್ತದೆ ಎಂದು 2002ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದರು. ಸುತ್ತು ಮುಗಿದ ಮೇಲಿನ ಮೌನದಲ್ಲಿ ಕಿವಿಗೊಡುವುದು ಸುಲಭ. ಬೆರಳನ್ನು ಕಿವಿಯೊಳಗೆ ತುರುಕಬೇಡಿ, ಕಿವಿಯ ಬಾಯಿಗೆ ಅಡ್ಡವಿರುವ ಪುಟ್ಟ ಮೃದು ಎಲುಬನ್ನು ಮೆಲ್ಲಗೆ ಒತ್ತಿ. ಷಣ್ಮುಖಿ ಮುದ್ರೆಯಲ್ಲಿ ರೆಪ್ಪೆಗಳ ಮೇಲೂ ಬೆರಳಿಡುವ ಪದ್ಧತಿಯಿದೆ; ಗ್ಲಾಕೋಮಾ ಇರುವವರು ಕಣ್ಣು ಒತ್ತಲೇಬಾರದು. ಕಿವಿ ಸೋರುತ್ತಿದ್ದರೆ ವಾಸಿಯಾಗುವ ತನಕ ಇದೆಲ್ಲ ಬೇಡ.

ಮನಸ್ಸಿನ ತಯಾರಿ

ಅತಿಯಾದ ಊಟ, ಅತಿಯಾದ ದುಡಿಮೆ, ಅತಿಯಾದ ಮಾತು, ಜನಸಂಗ, ಚಂಚಲತೆ ಯೋಗವನ್ನು ಕೆಡಿಸುತ್ತವೆ ಎನ್ನುತ್ತದೆ ಪ್ರದೀಪಿಕೆ. ಇದೇ ಪಟ್ಟಿಯಲ್ಲಿ ನಿಯಮಗಳಿಗೆ ಅತಿಯಾಗಿ ಅಂಟಿಕೊಳ್ಳುವುದೂ ಇದೆ! ಡಬಲ್ ಶಿಫ್ಟ್ ದುಡಿಯುವವರಿಗೆ ದುಡಿಮೆ ತಗ್ಗಿಸಿ ಎನ್ನುವುದು ಸುಲಭ, ಮಾಡುವುದು ಕಷ್ಟ. ಅಂಥವರಿಗೆ ಹತ್ತು ನಿಮಿಷ ಸಾಕು, ಅದೂ ನಿದ್ದೆ ಕದ್ದು ಬೇಡ.

ಸದ್ದನ್ನು ಹುಡುಕಿಕೊಂಡು ಹೋಗಬಾರದು. ಜೇನು ಹೀರುವ ದುಂಬಿಗೆ ಹೂವಿನ ಪರಿಮಳದ ಗೊಡವೆ ಇಲ್ಲದಂತೆ, ನಾದದಲ್ಲಿ ನೆಟ್ಟ ಮನಸ್ಸು ಬೇರೇನನ್ನೂ ಬಯಸದು ಎಂಬ ಹೋಲಿಕೆ ಗ್ರಂಥದಲ್ಲಿದೆ. ಇವತ್ತು ಗಂಟೆ ಕೇಳಿತೇ, ವೀಣೆ ಬಂತೇ ಎಂದು ಅಂಕ ಹಾಕುತ್ತ ಕೂತರೆ ಮನಸ್ಸು ನಿಲ್ಲುವುದಿಲ್ಲ. ಏನೂ ಕೇಳದಿದ್ದರೆ ಉಸಿರನ್ನೇ ಗಮನಿಸಿ ಏಳಿ.

ಆದರೆ ಒಳಗಿನ ಸದ್ದು ಮಾತಿನ ರೂಪ ತಾಳಿ, ಬೈಯುವ, ಆಜ್ಞೆ ಮಾಡುವ ದನಿಯಾಗಿ ಕೇಳಿದರೆ ಅಭ್ಯಾಸ ಅಲ್ಲಿಗೇ ನಿಲ್ಲಿಸಿ. ಪ್ರದೀಪಿಕೆ ಹೆಸರಿಸುವ ನಾದಗಳಲ್ಲಿ ಮಾತಾಡುವ ದನಿ ಒಂದೂ ಇಲ್ಲ. ಇದಕ್ಕೆ ಮನೋವೈದ್ಯರ ನೆರವು ಬೇಕು. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಎಲ್ಲಿ ತೋರಿಸಬಹುದು?

ಹೈದರಾಬಾದಿನಲ್ಲಿ ಕೋಠಿಯ ಸರ್ಕಾರಿ ಇಎನ್‌ಟಿ ಆಸ್ಪತ್ರೆ ಇದೆ. ಇಎಸ್‌ಐ ಕಾರ್ಡ್ ಇರುವ ಬಾಲಾನಗರದ ಕಾರ್ಮಿಕರಿಗೆ ಪಕ್ಕದ ಸನತ್‌ನಗರದಲ್ಲೇ ಇಎಸ್‌ಐ ಆಸ್ಪತ್ರೆ ಸಿಗುತ್ತದೆ. ಕರ್ನಾಟಕದಲ್ಲಾದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಕೇಳಬೇಕಾದ ಪರೀಕ್ಷೆಯ ಹೆಸರು ಆಡಿಯೊಮೆಟ್ರಿ. ಇದರಲ್ಲಿ ನೋವಿಲ್ಲ, ಸೂಜಿ ಇಲ್ಲ, ಹೆಡ್‌ಫೋನ್ ಹಾಕಿಕೊಂಡು ಸಣ್ಣ ದನಿ ಕೇಳಿದಾಗಲೆಲ್ಲ ಗುಂಡಿ ಒತ್ತಿದರಾಯಿತು.